ಗಂಧಕದ ಗುಡ್ಡದಿಂದ ಮಗಳಿಗೊಂದು ಪತ್ರ

ಬಾಸ್ಟೆರ್, ಸೇಂಟ್ ಕಿಟ್ಸ್

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ನಿನ್ನ ಅಪ್ಪನ ಪಾಠಗಳಿಗೆ ನಾಲ್ಕು ದಿನ ಬಿಡುವು ಸಿಕ್ಕಿದ್ದರಿಂದ ಕಳೆದ ಭಾನುವಾರ ನಾವಿಬ್ಬರೂ ಬ್ರಿಮ್‌ಸ್ಟೋನ್ ಹಿಲ್ ಕೋಟೆಯನ್ನು ನೋಡಿಕೊಂಡು ಬಂದೆವು. ಬ್ರಿಮ್‌ಸ್ಟೋನ್ ಎಂದರೆ ಗಂಧಕ. ನಮ್ಮ ಬಾಯಲ್ಲಿ ಇದು ಗಂಧಕದ ಗುಡ್ಡ. ನೀನು ಎಂಟು ವರ್ಷದವಳಿದ್ದಾಗ ಚಿತ್ರದುರ್ಗದ ಕೋಟೆಯಲ್ಲಿ ನಿಂತು, ‘ಈ ಕಲ್ಲನ್ನೆಲ್ಲ ಮೇಲಕ್ಕೆ ಹೊತ್ತವರು ಯಾರಮ್ಮಾ?’ ಎಂದು ಕೇಳಿದ್ದೆ. ಬಿಸಿಲಿಗೆ ಸುಸ್ತಾಗಿದ್ದ ನಾನು ‘ಪಾಳೆಯಗಾರರು’ ಎಂದು ಹೇಳಿ ಮುಗಿಸಿದ್ದೆ. ಗುಡ್ಡದ ತಿರುವುಗಳನ್ನು ಕಾರು ಏದುಸಿರು ಬಿಡುತ್ತಾ ಹತ್ತುವಾಗ ಆ ಮಾತು ನೆನಪಾಯಿತು.

ಕೆರಿಬಿಯನ್ ಕಡಲಿನ ಈ ದ್ವೀಪವನ್ನು ಇಂಗ್ಲಿಷರೂ ಫ್ರೆಂಚರೂ ಹಂಚಿಕೊಂಡು ಬಾಳುತ್ತಿದ್ದ, ಅಂದರೆ ಆಗಾಗ ಬಡಿದಾಡಿಕೊಳ್ಳುತ್ತಿದ್ದ ಕಾಲದಲ್ಲಿ, 1690ರಲ್ಲಿ, ಫ್ರೆಂಚರ ವಶವಾಗಿದ್ದ ಕರಾವಳಿಯ ಕೋಟೆಯೊಂದಕ್ಕೆ ಗುಂಡು ಹಾರಿಸಲು ಇಂಗ್ಲಿಷರು ಮೊದಲ ಬಾರಿಗೆ ಈ ಗುಡ್ಡಕ್ಕೆ ಫಿರಂಗಿ ಏರಿಸಿದರು. ಅಲ್ಲಿಂದ ಮುಂದೆ ನೂರು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿ ಕಲ್ಲು ಕಡಿದು, ಹೊತ್ತು, ಗೋಡೆ ಎಬ್ಬಿಸಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು. ಗೋಡೆಯ ಕಪ್ಪು ಕಲ್ಲು ಜ್ವಾಲಾಮುಖಿಯದು, ಇದೇ ಗುಡ್ಡದ್ದು. ಕಲ್ಲುಗಳನ್ನು ಹಿಡಿದಿಟ್ಟಿರುವ ಗಾರೆಯೂ ಹೊರಗಿನದಲ್ಲ, ಗುಡ್ಡದ ಪಕ್ಕೆಯ ಸುಣ್ಣಕಲ್ಲನ್ನು ಸುಟ್ಟು ಮಾಡಿದ್ದು. ಬುಡದಲ್ಲಿ ಹಳೆಯ ಸುಣ್ಣದ ಗೂಡು ಈಗಲೂ ಇದೆ. ಹಳೆಯ ಕಟ್ಟಡಗಳಿಗೆ ಸಿಮೆಂಟು ಮೆತ್ತುವವರನ್ನು ಕಂಡರೆ ಉರಿದುಬೀಳುವ ನೀನು ಜೊತೆಗಿದ್ದಿದ್ದರೆ ನಾವು ಅಲ್ಲಿಂದ ಮೇಲಕ್ಕೇ ಹೋಗುತ್ತಿರಲಿಲ್ಲ.

ತುದಿಯಲ್ಲಿರುವ ಫೋರ್ಟ್ ಜಾರ್ಜ್ ಎಂಬ ಒಳಕೋಟೆಯ ಕೋಣೆಗಳನ್ನೇ ವಸ್ತುಸಂಗ್ರಹಾಲಯ ಮಾಡಿದ್ದಾರೆ. ಕಮಾನು ಚಾವಣಿಯ ಕೋಣೆಗಳು ಹೊರಗಿನ ಸುಡುಬಿಸಿಲಿನಲ್ಲೂ ತಣ್ಣಗಿದ್ದವು. ಸಿಪಾಯಿಗಳ ಬದುಕಿಗೂ ಗುಲಾಮಗಿರಿಗೂ ಪ್ರತ್ಯೇಕ ಜಾಗವಿದೆ, ಆದರೆ ನಾನು ಬಹಳ ಹೊತ್ತು ನಿಂತದ್ದು 1782ರ ಮುತ್ತಿಗೆಯ ವಿವರಗಳ ಮುಂದೆ. ಆ ಜನವರಿಯಲ್ಲಿ ಫ್ರೆಂಚರ ಸುಮಾರು 8,000 ಸೈನಿಕರು ಬಂದಿಳಿದಾಗ ಗುಡ್ಡದ ಮೇಲಿದ್ದ ಬ್ರಿಟಿಷರ ಕಡೆಯವರು ಸಾವಿರದಷ್ಟು ಮಂದಿ. ಕೋಟೆಗೆಂದು ತರಿಸಿದ್ದ ಭಾರಿ ಫಿರಂಗಿಗಳೂ ಗುಂಡುಗಳೂ ಇನ್ನೂ ಬುಡದಲ್ಲೇ ಬಿದ್ದಿದ್ದವು, ಏಕೆಂದರೆ ಅವನ್ನು ಎಳೆಯಲು ತಮ್ಮ ಗುಲಾಮರನ್ನು ಕಳಿಸಲು ಕಬ್ಬಿನ ತೋಟಗಳ ಒಡೆಯರು ಮನಸ್ಸು ಮಾಡಿರಲಿಲ್ಲ. ಫ್ರೆಂಚರು ಅವೇ ಫಿರಂಗಿಗಳನ್ನು ಕೋಟೆಯತ್ತ ತಿರುಗಿಸಿದರು. ಒಂದು ತಿಂಗಳು ತಡೆದುಕೊಂಡ ಕಾವಲು ಪಡೆ ಫೆಬ್ರವರಿಯಲ್ಲಿ ಶರಣಾಯಿತು. ಅಷ್ಟು ವರ್ಷ ಯಾರ ಹೆಗಲ ಮೇಲೆ ಕೋಟೆ ಎದ್ದಿತೋ ಆ ಹೆಗಲು ಒಂದು ಸಲ ಒದಗದಿದ್ದುದಕ್ಕೆ ‘ಯಾರೂ ಗೆಲ್ಲಲಾರದ’ ಕೋಟೆ ಕೈಬಿಟ್ಟಿತು ಎಂದು ನಾನು ಹೇಳಿದರೆ, ನಿನ್ನ ಅಪ್ಪ, ‘ಎಂಟು ಸಾವಿರ ಜನರನ್ನು ಮರೆತೆಯಾ?’ ಎಂದು ನಕ್ಕರು. ನಗಲಿ ಬಿಡು.

ಮರುವರ್ಷದ ಶಾಂತಿ ಒಪ್ಪಂದದಲ್ಲಿ ದ್ವೀಪ ಬ್ರಿಟಿಷರಿಗೆ ಮರಳಿತು. ಈ ಸಂಧಿಯ ಬಿಸಿ ನಮ್ಮೂರಿಗೂ ತಟ್ಟಿತ್ತು. 1783ರಲ್ಲಿ ಟಿಪ್ಪು ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ್ದಾಗ ಜೊತೆಗಿದ್ದ ಫ್ರೆಂಚರು, ಯುರೋಪಿನಲ್ಲಿ ಸಂಧಿಯಾಯಿತೆಂಬ ಸುದ್ದಿ ತಲುಪಿದೊಡನೆ ಹಿಂದೆ ಸರಿದರಲ್ಲ, ಅದೂ ಇದೇ ಯುದ್ಧದ ಕೊನೆ. ನಾನು ಹುಟ್ಟಿ ಬೆಳೆದ ಊರಿನ ಮುತ್ತಿಗೆಯ ಇನ್ನೊಂದು ತುದಿ ಕೆರಿಬಿಯನ್ ಕಡಲಿನಲ್ಲಿತ್ತೆಂದು ತಿಳಿಯಲು ಇಷ್ಟು ದೂರ ಬರಬೇಕಾಯಿತು.

1853ರಲ್ಲಿ ಸೈನ್ಯ ಗುಡ್ಡವನ್ನು ಬಿಟ್ಟುಹೋದ ಮೇಲೆ ಅಳಿದುಳಿದ ಕಟ್ಟಡಗಳ ಕಲ್ಲನ್ನು ಜನ ಕಿತ್ತುಕೊಂಡು ಹೋದರಂತೆ. ಅದನ್ನು ಇಲ್ಲಿ ಲೂಟಿ ಎನ್ನುತ್ತಾರೆ. ಹೊತ್ತವರ ಮೊಮ್ಮಕ್ಕಳೇ ಒಯ್ದಿದ್ದರೆ ಆ ಮಾತು ನನಗೆ ಒಪ್ಪಿಗೆಯಿಲ್ಲ. 1965ರಲ್ಲಿ ಸ್ಥಳೀಯರ ಸಂಘವೊಂದು ಜೀರ್ಣೋದ್ಧಾರಕ್ಕೆ ಕೈಹಾಕಿತು, 1999ರಲ್ಲಿ ಯುನೆಸ್ಕೊ ಇದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ಮೇಲಿನಿಂದ ಸೇಂಟ್ ಯುಸ್ಟೇಷಿಯಸ್ ದ್ವೀಪ ನೀಲಿಯಾಗಿ ಕಾಣುತ್ತಿತ್ತು. ನಾನು ತಂದಿದ್ದ ಬಾಳೆಹಣ್ಣಿನ ಮೇಲೆ ಕೋತಿಯೊಂದು ಕಣ್ಣಿಟ್ಟಿತ್ತು. ಗೋಡೆ ಸವರಿದಾಗ ಬೆರಳಿಗೆ ಬಿಳಿ ಪುಡಿ ಅಂಟಿತು, ನಡುವೆ ಬಿಳಿಯ ಸಣ್ಣ ಹರಳೊಂದು ಮೆತ್ತಿಕೊಂಡಿತ್ತು. ಅದರ ಮೂರು ಫೋಟೊ ಕಳಿಸಿದ್ದೇನೆ. ಅದು ಚಿಪ್ಪಿನ ಚೂರೋ ಸರಿಯಾಗಿ ಬೇಯದ ಸುಣ್ಣವೋ, ದೊಡ್ಡದು ಮಾಡಿ ನೋಡಿ ಹೇಳು.

ನಿನ್ನ
ಅಮ್ಮ