ಆಗ್ನೆಸ್ ಬಗ್ಗೆ ಬರೆಯುತ್ತಿರುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನ ಓದಿದೆ. ನಾರ್ವೆಯ ಜನಪದ ಗಾಯಕಿ ಆಗ್ನೆಸ್ ಬೂಯೆನ್ ಗಾರ್ನೋಸ್ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನಿಸಿತಲ್ಲ, ಅದೇ ನನಗೆ ದೊಡ್ಡ ಖುಷಿ. ಆದರೆ ಓದಿ ಮುಗಿಸಿದರೂ ಅವರ ದನಿ ನನ್ನ ಕಿವಿಗೆ ಬೀಳಲಿಲ್ಲ. ಹುಟ್ಟಿದ ವರ್ಷ, ಈ ಆಲ್ಬಂ, ಆ ಆಲ್ಬಂ, ಗೌರವಗಳು ಅಂತ ಸಾಲಾಗಿ ಜೋಡಿಸಿಬಿಟ್ಟಿದ್ದೀಯ. ಸಿನಿಮಾ ಹಾಡುಗಾರರ ಬಗ್ಗೆ ಬರೆಯುವಾಗ ಅದು ನಡೆಯುತ್ತೆ. ಪರಂಪರೆಯ ಹಾಡುಗಾರರ ಬದುಕು ಆ ಪಟ್ಟಿಯಲ್ಲಿ ಸಿಗುವುದಿಲ್ಲ.

ಅಲ್ಲಿ ಇಂಥವರನ್ನು ಕ್ವೇದರ್ ಅಂತಾರೆ. ಸಾಮಾನ್ಯವಾಗಿ ಪಕ್ಕವಾದ್ಯ ಇಲ್ಲದೆ ಒಬ್ಬರೇ ನಿಂತು ಹಾಡುತ್ತಾರೆ. ಈ ಹಾಡನ್ನು ಯಾರಿಂದ ಕಲಿತೆ, ಅವರದು ಯಾವ ಊರು ಅಂತ ಹೇಳುವುದು ಅಲ್ಲಿನ ರೂಢಿ. ಒಂದೇ ಹಾಡಿಗೆ ಕಣಿವೆಗೊಂದು ಧಾಟಿ ಇರುವಾಗ ಯಾರ ಧಾಟಿ ಅನ್ನುವುದು ಮುಖ್ಯ ತಾನೇ? ಹಾಗಾಗಿ ನೀನೂ ಅಲ್ಲಿಂದಲೇ ಶುರು ಮಾಡು. ಅವರಿಗೆ ಯಾವ ಹಾಡು ಯಾರಿಂದ ಬಂತು, ಅವರಿಂದ ಈಗ ಯಾರ ಬಾಯಿಗೆ ಹೋಗಿದೆ, ಹುಡುಕು.

ಆಗ್ನೆಸ್ 1946ರಲ್ಲಿ ಹುಟ್ಟಿದರು, ಕೊಂಗ್ಸ್‌ಬರ್ಗ್ ಕಡೆಯ ಯೋಂಡಾಲೆನ್‌ನಲ್ಲಿ. ಅಣ್ಣ ಹೌಕ್, ತಮ್ಮ ಕ್ನೂಟ್ ಇಬ್ಬರೂ ಹಾರ್ಡಾಂಗರ್ ಪಿಟೀಲಿನಲ್ಲಿ ಹೆಸರಾದವರು. ನೀನು ಇದನ್ನು ಒಂದೇ ಸಾಲಿನಲ್ಲಿ ಮುಗಿಸಿ ಮುಂದೆ ಓಡಿದ್ದೀಯ. ಇಲ್ಲಿ ಸ್ವಲ್ಪ ನಿಲ್ಲು. ಆ ಪಿಟೀಲಿನಲ್ಲಿ ಕಮಾನು ತಾಗುವ ನಾಲ್ಕು ತಂತಿಗಳ ಕೆಳಗೆ ಇನ್ನೂ ನಾಲ್ಕೈದು ತಂತಿ ಇರುತ್ತವೆ. ಅವನ್ನು ಯಾರೂ ಮುಟ್ಟುವುದಿಲ್ಲ. ಮೇಲಿನವು ನುಡಿದಾಗ ತಾವಾಗಿಯೇ ಗುಂಯ್ ಅನ್ನುತ್ತವೆ. ಇನ್ನು ಹಳೆಯ ಧಾಟಿಗಳಲ್ಲಿ ಕೆಲವು ಸ್ವರ ಪಿಯಾನೋದ ಎರಡು ಮನೆಗಳ ನಡುವೆ ಬೀಳುತ್ತವೆ. ಗಾಂಧಾರ ಬಂತು ಅಂತಿಟ್ಟುಕೋ. ಅದು ಸಾಧಾರಣ ಗಾಂಧಾರವೂ ಅಲ್ಲ, ಅಂತರ ಗಾಂಧಾರವೂ ಅಲ್ಲ, ಎರಡರ ಮಧ್ಯೆ ಎಲ್ಲೋ. ಗೊತ್ತಿಲ್ಲದವರು ಅದನ್ನು ಅಪಶ್ರುತಿ ಅಂದುಕೊಳ್ಳುತ್ತಾರೆ. ನಿನ್ನ ಓದುಗರಿಗೆ ಸಂಗೀತದ ರುಚಿ ಇದೆ. ಇಷ್ಟು ಹೇಳಿದರೆ ಅವರಿಗೆ ಕೇಳಿಸುತ್ತೆ. ‘ಮಧುರ ಕಂಠ’ ಅಂತ ಬರೆದರೆ ಏನೂ ಕೇಳಿಸುವುದಿಲ್ಲ.

1984ರ ‘ದ್ರೌಮ್‌ಕ್ವೇದೆ’ ಆಲ್ಬಂಗೆ ನೀನು ಕೊಟ್ಟಿರುವುದು ಎರಡು ವಾಕ್ಯ! ನನ್ನ ಪ್ರಕಾರ ಲೇಖನದ ಜೀವ ಅಲ್ಲೇ ಇದೆ. ಇದು ಟೆಲೆಮಾರ್ಕ್ ಸೀಮೆಯ ಕನಸಿನ ಹಾಡು. ಊಲಾವ್ ಓಸ್ತೆಸನ್ ಅನ್ನುವವನು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಲಗಿದರೆ ಏಳುವುದು ಹದಿಮೂರನೇ ದಿನಕ್ಕೆ. ಕುದುರೆ ಏರಿ ಚರ್ಚಿಗೆ ಹೋಗುತ್ತಾನೆ, ಬಾಗಿಲಲ್ಲಿ ಕೂತು ಕಂಡದ್ದನ್ನೆಲ್ಲ ಹೇಳುತ್ತಾನೆ. ಸತ್ತವರು ದಾಟುವ ಸೇತುವೆ, ಅದನ್ನು ಕಾಯುವ ಹಾವು, ನಾಯಿ, ಗೂಳಿ. ಬದುಕಿದ್ದಾಗ ಬಡವರ ಕಾಲಿಗೆ ಜೋಡು ಕೊಟ್ಟವರು ಅಲ್ಲಿ ಮುಳ್ಳಿನ ಮೇಲೆ ಬರಿಗಾಲಲ್ಲಿ ನಡೆಯಬೇಕಾಗಿಲ್ಲ. ನನಗೆ ಈ ಜೋಡಿನ ಭಾಗ ಕೇಳುವಾಗಲೆಲ್ಲ ಗಂಟಲು ಕಟ್ಟುತ್ತೆ. ಈ ಹಾಡು ಬರಹಕ್ಕೆ ಇಳಿದದ್ದು 1840ರ ದಶಕದಲ್ಲಿ. ಅದಕ್ಕೆ ಮೊದಲು ಬರೀ ಬಾಯಿಂದ ಬಾಯಿಗೆ ಬಂದದ್ದು. ಆಗ ಹಾಡಿ ಕೊಟ್ಟವರಲ್ಲಿ ಕ್ವಿತೆಸೈಡ್ ಊರಿನ ಮಾರೆನ್ ರಾಮ್‌ಸ್ಕೈಡ್ ಎಂಬ ಹೆಣ್ಣುಮಗಳು ಒಬ್ಬಳು. ಅವಳ ಹೆಸರು ನಿನ್ನ ಲೇಖನದಲ್ಲಿ ಬರಲೇಬೇಕು. ಆಗ್ನೆಸ್ ಹಾಡುವಾಗ ಹಿಂದೆ ನಿಂತಿರುವುದು ಇಂಥವರೇ.

ಅವರ ‘ರೋಸೆನ್ಸ್‌ಫೋಲೆ’ ಆಲ್ಬಂ ಬಗ್ಗೆ ಜಾಸ್ತಿ ಬರೆದಿದ್ದೀಯ. ಕಾರಣ ಗೊತ್ತು, ಅದರಲ್ಲಿ ಯಾನ್ ಗಾರ್ಬರೆಕ್ ಇದ್ದಾರೆ. ಜಾಕಿರ್ ಹುಸೇನ್, ಎಲ್. ಶಂಕರ್ ಜೊತೆ ನುಡಿಸಿದ ಸ್ಯಾಕ್ಸೋಫೋನ್ ವಾದಕ ಅಂದರೆ ನಮ್ಮವರಿಗೆ ಬೇಗ ಹತ್ತಿರವಾಗುತ್ತಾರೆ. ಇರಲಿ. ಆದರೆ ಅವರನ್ನು ಪಕ್ಕಕ್ಕೆ ಕೂರಿಸು. 1989ರ ಆ ಆಲ್ಬಂನಲ್ಲಿ ‘ಮಾರ್ಗಿಟ್ ಮತ್ತು ತಾರ್ಗೈ’ ಕಥನಗೀತೆ 16 ನಿಮಿಷ ಇದೆ. ಕೂತು ಪೂರ್ತಿ ಕೇಳು. ಸುತ್ತ ಸಿಂಥಸೈಜರ್, ತಾಳವಾದ್ಯ, ಸ್ಯಾಕ್ಸೋಫೋನ್ ಏನೇ ಬಂದರೂ ಆಗ್ನೆಸ್ ತಮ್ಮ ನಡಿಗೆ ಬಿಡುವುದಿಲ್ಲ. ಕ್ವೇದರ್‌ಗಳು ಕಥೆಯನ್ನು ಅಭಿನಯಿಸಿ ತೋರಿಸುವುದಿಲ್ಲ. ಸಾವು ಬಂದರೂ ಅದೇ ಹದದಲ್ಲಿ ಹಾಡಿಕೊಂಡು ಹೋಗುತ್ತಾರೆ. ದುಃಖ ಕೇಳುವವರಿಗೆ ಬಿಟ್ಟದ್ದು.

ನಿನ್ನ ಬರವಣಿಗೆಯಲ್ಲೂ ಅಷ್ಟೇ ಹಿಡಿತ ಇರಬೇಕು ಅಂತ ನನ್ನ ಆಸೆ. ‘ಮೈ ನವಿರೇಳಿಸುವ’, ‘ಅಲೌಕಿಕ’, ‘ಮಾಂತ್ರಿಕ’ ಎಲ್ಲ ತೆಗೆದುಹಾಕು. ‘ನಾರ್ವೆಯ ತತ್ವಪದಕಾರ್ತಿ’ ಅಂತ ಕರೆದಿದ್ದೀಯಲ್ಲ, ಅದನ್ನೂ. ಆ ಹಾಡುಗಳಿಗೆ ಅವುಗಳದೇ ಊರಿದೆ, ಅಲ್ಲಿನ ಹಳ್ಳಿಯ ನುಡಿಯಿದೆ. ‘ಅಳಿವಿನಂಚಿನ ಕಲೆ’ ಅನ್ನುವ ಮಾತಂತೂ ಬೇಡವೇ ಬೇಡ. ಅಲ್ಲಿ ವರ್ಷವರ್ಷ ನಡೆಯುವ ಲಾಂಡ್ಸ್‌ಕಾಪ್‌ಲೈಕ್ ಸ್ಪರ್ಧೆಯಲ್ಲಿ ಈಗಲೂ ಹೊಸ ಹುಡುಗ ಹುಡುಗಿಯರು ಬಂದು ಹಾಡುತ್ತಾರೆ. ಸೇತೆಸ್‌ಡಾಲ್ ಕಣಿವೆಯ ಹಾಡು, ಕುಣಿತ, ವಾದನ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು.

ಮೊದಲು ಜೋಡಿನ ಭಾಗ ಬರೆದು ಕಳಿಸು. ಉಳಿದದ್ದನ್ನು ಎಲ್ಲೆಲ್ಲಿ ಸೇರಿಸಬೇಕು ಅಂತ ಆಮೇಲೆ ಕೂತು ನೋಡೋಣ. ಗಾರ್ಬರೆಕ್ ಪ್ಯಾರಾ ಅರ್ಧಕ್ಕೆ ಇಳಿಸುವುದು ಮರೆಯಬೇಡ.

ಪ್ರೀತಿಯಿಂದ,
ನಿನ್ನ ಅಕ್ಕ