ಪ್ರಾಣಿವಾರು ಬೇಡ, ಕೊಟ್ಟಿಗೆವಾರು ಕಲಿಸಿ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರಿಗೆ,

ದನದ ಮೈಮೇಲಿನ ಉಣ್ಣಿ ಉದುರಲೆಂದು ಹೊಡೆಯುವ ಅಮಿಟ್ರಾಜ್ ದ್ರಾವಣ ತಮಗೆ ಗೊತ್ತಿರುತ್ತದೆ. ಶೇ. 12.5ರ ಸೀಸೆಯಿಂದ ಲೀಟರ್ ನೀರಿಗೆ 2 ಮಿ.ಲೀ. ಬೆರೆಸಿ ಸಿಂಪಡಿಸಿದರೆ ಉಣ್ಣಿ ಸಾಯುತ್ತವೆ, ದನ ಆರಾಮಾಗಿ ಮೆಲುಕು ಹಾಕುತ್ತಿರುತ್ತದೆ. ಬಕೆಟ್‌ನಲ್ಲಿ ಉಳಿದದ್ದನ್ನು ಚೆಲ್ಲುವುದೇಕೆ ಎಂದು ಪಕ್ಕದಲ್ಲಿ ಕಟ್ಟಿದ ಕುದುರೆಗೂ ಹೊಡೆದರೆ ಅದರ ಕರುಳಿನ ಚಲನೆ ನಿಂತುಹೋಗಬಹುದು. ಲದ್ದಿ ಕಟ್ಟುತ್ತದೆ, ಹೊಟ್ಟೆಶೂಲೆ ಶುರುವಾಗುತ್ತದೆ. ಕುದುರೆಗೆ ವಾಂತಿ ಮಾಡಿಕೊಳ್ಳುವ ಶಕ್ತಿಯಿಲ್ಲ, ಹೊಟ್ಟೆಯಲ್ಲಿ ತುಂಬಿದ್ದು ಮೇಲಕ್ಕೆ ಬರುವ ದಾರಿಯೇ ಇಲ್ಲ. ಔಷಧ ಸರಿ, ಅಳತೆ ಸರಿ, ಹೊಡೆದ ಪ್ರಾಣಿ ಮಾತ್ರ ಬೇರೆ.

ದನ, ಕುರಿ, ಕುದುರೆ, ಕಾವಲು ನಾಯಿ ಇವಿಷ್ಟನ್ನೂ ಒಂದೇ ಬೇಲಿಯೊಳಗೆ ನೋಡಿಕೊಳ್ಳುವ ಕೆಲಸದವರು ನಾವು. ಸರ್ಕಾರದ ಕಡತದಲ್ಲಿ ಹಾಲಿನ ದನಕ್ಕೊಂದು ಯೋಜನೆ, ಕುರಿಗೆ ಇನ್ನೊಂದು, ಕುದುರೆ ಯಾವುದೋ ಮೂಲೆಯಲ್ಲಿ, ನಾಯಿ ಎಲ್ಲೂ ಇಲ್ಲ. ಕೆಲಸಗಾರರ ತರಬೇತಿಯೂ ಅದೇ ಗೆರೆಗಳಲ್ಲಿ ಹರಿದು ಹಂಚಿಹೋಗಿದೆ. ಕೊಟ್ಟಿಗೆಯಲ್ಲಿ ಈ ಗೆರೆಗಳಿಲ್ಲ. ಒಬ್ಬನೇ ಮನುಷ್ಯ ಬೆಳಿಗ್ಗೆ ಹಸು ಕರೆದು, ಕುದುರೆಯ ಗೊರಸು ತೊಳೆದು, ಕುರಿ ಹೊಡೆದುಕೊಂಡು ಹೋಗುತ್ತಾನೆ, ಹಿಂದೆ ನಾಯಿ. ನಮ್ಮ ಕೋರಿಕೆ ಇಷ್ಟೇ: ಪಶುಪಾಲನೆಯ ಕೆಲಸಗಾರರಿಗೆ ಪ್ರಾಣಿವಾರು ಕಲಿಸುವುದನ್ನು ಬಿಟ್ಟು ಕೊಟ್ಟಿಗೆವಾರು ಕಲಿಸಿ.

ಯಾಕೆಂದರೆ ಅಮಿಟ್ರಾಜ್ ಒಂದೇ ಅಲ್ಲ. ಮೊನೆನ್ಸಿನ್ ಎಂಬ ಔಷಧವನ್ನು ದನದ ಹಿಂಡಿಗೂ ಕೋಳಿ ಆಹಾರಕ್ಕೂ ಬೆರೆಸುವುದುಂಟು. ದನ ತಾಳಿಕೊಳ್ಳುವ ಪ್ರಮಾಣದ ಹತ್ತರಲ್ಲೊಂದು ಪಾಲು ಸಾಕು, ಕುದುರೆಯ ಹೃದಯದ ಸ್ನಾಯು ಹಾಳಾಗುತ್ತದೆ. ಬದುಕಿಕೊಂಡರೂ ಆ ಕುದುರೆ ಮತ್ತೆ ದುಡಿಮೆಗೆ ಬಾರದೇ ಹೋಗಬಹುದು. ದನದ ತೊಟ್ಟಿಯಲ್ಲಿ ಮಿಕ್ಕ ಹಿಂಡಿಯನ್ನು ಕುದುರೆಯ ಮುಂದೆ ಸುರಿಯುವುದು ಉಳಿತಾಯದ ಬುದ್ಧಿಯಂತೆ ಕಾಣುತ್ತದೆ, ಅಲ್ಲೇ ಎಡವಟ್ಟು.

ತಾಮ್ರದ ವಿಷಯ ಇನ್ನೂ ಮೋಸದ್ದು. ದನದ ಖನಿಜ ಮಿಶ್ರಣದಲ್ಲಿ ತಾಮ್ರ ಇರಲೇಬೇಕು, ದನಕ್ಕೆ ಅದು ಅಗತ್ಯ. ಕುರಿಯ ಯಕೃತ್ತು ಮಾತ್ರ ಬಂದ ತಾಮ್ರವನ್ನು ಸರಿಯಾಗಿ ಹೊರಹಾಕಲಾರದೆ ಕೂಡಿಟ್ಟುಕೊಳ್ಳುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಕುರಿ ಚೆನ್ನಾಗಿಯೇ ಮೇಯುತ್ತಿರುತ್ತದೆ. ಆಮೇಲೊಂದು ದಿನ ಲಾರಿಗೆ ಹತ್ತಿಸಿದಾಗಲೋ, ಮಳೆಯಲ್ಲಿ ನೆಂದು ಮೇವು ತಪ್ಪಿದಾಗಲೋ ಕೂಡಿಟ್ಟ ತಾಮ್ರವೆಲ್ಲ ಒಮ್ಮೆಗೇ ರಕ್ತಕ್ಕೆ ಬಿಡುಗಡೆಯಾಗುತ್ತದೆ. ಕಣ್ಣು ಹಳದಿ, ಮೂತ್ರ ಕಡುಕೆಂಪು, ಎರಡು ಮೂರು ದಿನದಲ್ಲಿ ಕುರಿ ಇಲ್ಲ. ಎಲ್ಲರೂ ಲಾರಿಯನ್ನು ಬೈಯುತ್ತಾರೆ. ಕೊಂದದ್ದು ಮೂರು ತಿಂಗಳ ಹಿಂದಿನಿಂದ ತೊಟ್ಟಿಗೆ ಬೀಳುತ್ತಿದ್ದ ದನದ ಪುಡಿ.

ಇನ್ನು ಕುದುರೆಗೆ ಜಂತುಹುಳುವಿಗಾಗಿ ಕೊಡುವ ಐವರ್ಮೆಕ್ಟಿನ್ ಪೇಸ್ಟ್. ಬಾಯಿಯ ಮೂಲೆಯಲ್ಲಿ ಹಿಂಡಿದಾಗ ಕುದುರೆ ಅರ್ಧವನ್ನು ನೆಲಕ್ಕೆ ಉಗಿಯುತ್ತದೆ, ಬಾಗಿಲಲ್ಲಿ ನಿಂತ ನಾಯಿ ಬಂದು ನೆಕ್ಕುತ್ತದೆ. ಕೋಲಿ ಮತ್ತು ಅದಕ್ಕೆ ಹತ್ತಿರದ ಹಿಂಡು ಕಾಯುವ ತಳಿಗಳ ಎಷ್ಟೋ ನಾಯಿಗಳಲ್ಲಿ ಈ ಔಷಧವನ್ನು ಮಿದುಳಿನಿಂದ ಹೊರಗಿಡುವ ಜೀನ್ ಕೆಟ್ಟಿರುತ್ತದೆ. ಅಂಥ ನಾಯಿ ತೂರಾಡಿ, ಕಣ್ಣು ಕಾಣದೆ, ಪ್ರಜ್ಞೆ ತಪ್ಪಿ ಬೀಳುತ್ತದೆ. ಔಷಧ ಕುಡಿದ ಕುದುರೆಯ ಲದ್ದಿ ತಿಂದರೂ ಇದೇ ಗತಿ ಆಗಬಹುದು. ಪೇಸ್ಟ್ ಕೊಡುವ ದಿನ ನಾಯಿಯನ್ನು ಕಟ್ಟಿಹಾಕಬೇಕು, ನಂತರದ ಕೆಲವು ದಿನ ಲದ್ದಿಯನ್ನು ಅದಕ್ಕೆ ಸಿಗದಂತೆ ಎತ್ತಬೇಕು. ಕುದುರೆಯ ಪಾಠದಲ್ಲಿ ನಾಯಿ ಬರುವುದಿಲ್ಲ, ನಾಯಿಯ ಪಾಠವೇ ಇಲ್ಲ. ಹಾಗಾದರೆ ಇದನ್ನು ಕಲಿಸುವವರು ಯಾರು?

ನಾಯಿಯನ್ನು ಲೆಕ್ಕಕ್ಕೆ ಹಿಡಿಯದೇ ಇರುವುದರಿಂದ ಮನುಷ್ಯರಿಗೂ ಪೆಟ್ಟು ಬೀಳುತ್ತದೆ. ಕುರಿ ಕೊಯ್ದಾಗ ಯಕೃತ್ತಿನಲ್ಲೋ ಶ್ವಾಸಕೋಶದಲ್ಲೋ ನೀರು ತುಂಬಿದ ಗುಳ್ಳೆ ಕಂಡರೆ ಆ ತುಂಡನ್ನು ಕತ್ತರಿಸಿ ನಾಯಿಗೆ ಎಸೆಯುವುದು ಎಲ್ಲೆಡೆ ನಡೆಯುವ ತಪ್ಪು. ಆ ಗುಳ್ಳೆಯೊಳಗಿರುವುದು ಒಂದು ಬಗೆಯ ಲಾಡಿಹುಳುವಿನ ಮರಿಗಳು. ನಾಯಿಯ ಕರುಳಲ್ಲಿ ಅವು ಕೆಲವೇ ಮಿಲಿಮೀಟರ್ ಉದ್ದದ, ಸುಲಭಕ್ಕೆ ಕಣ್ಣಿಗೆ ಬೀಳದಷ್ಟು ಸಣ್ಣ ಹುಳುಗಳಾಗುತ್ತವೆ. ಆರೇಳು ವಾರಕ್ಕೆ ಮಲದಲ್ಲಿ ಮೊಟ್ಟೆ ಉದುರತೊಡಗುತ್ತದೆ. ಹುಲ್ಲಿನಿಂದ ಕುರಿಗೆ, ನಾಯಿಯ ಕೂದಲಿನಿಂದ ಸವರಿದ ಕೈಗೆ, ಕೈಯಿಂದ ಬಾಯಿಗೆ. ಮನುಷ್ಯನ ಯಕೃತ್ತಿನಲ್ಲಿ ಗುಳ್ಳೆ ವರ್ಷಗಟ್ಟಲೆ ಸದ್ದಿಲ್ಲದೆ ಬೆಳೆದು ಕೊನೆಗೆ ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ.

ಇದರ ಮದ್ದು ಸರಳ. ನಾಯಿಯ ತೂಕದ ಪ್ರತಿ ಕಿಲೋಗೆ 5 ಮಿ.ಗ್ರಾಂ. ಪ್ರಾಜಿಕ್ವಾಂಟೆಲ್, ಆರು ವಾರಕ್ಕೊಮ್ಮೆ. ಆರು ವಾರ ಏಕೆಂದರೆ, ಹೊಸದಾಗಿ ಸೇರಿದ ಹುಳು ಮೊಟ್ಟೆಯಿಡುವ ಹಂತ ಮುಟ್ಟುವ ಮುಂಚೆ ಸಾಯಬೇಕು. ಮೂರು ತಿಂಗಳಿಗೊಮ್ಮೆ ಎಂದು ವೇಳಾಪಟ್ಟಿ ಬರೆದರೆ ಅದರಲ್ಲಿ ಅರ್ಧ ಕಾಲ ನಾಯಿ ಮೊಟ್ಟೆ ಉದುರಿಸುತ್ತಲೇ ಓಡಾಡಬಹುದು. ದುಂಡುಹುಳುವಿಗೆ ಕೊಡುವ ಮಾಮೂಲಿ ಮಾತ್ರೆ ಈ ಹುಳುವನ್ನು ಮುಟ್ಟುವುದಿಲ್ಲ, ಮಾತ್ರೆ ಕೊಟ್ಟಿದ್ದೇವೆ ಎಂಬ ನೆಮ್ಮದಿಯೇ ಅಪಾಯ. ಜೊತೆಗೆ, ಒಳಾಂಗಗಳನ್ನು ಚೆನ್ನಾಗಿ ಬೇಯಿಸದೆ ನಾಯಿಗೆ ಹಾಕಬಾರದು, ಇಲ್ಲವೇ ಆಳವಾಗಿ ಹೂಳಬೇಕು. ಐಸ್‌ಲ್ಯಾಂಡ್ 19ನೇ ಶತಮಾನದಲ್ಲೇ ಇಂಥದೇ ದಾರಿ ಹಿಡಿದು ಮುಂದೆ ರೋಗವನ್ನು ಓಡಿಸಿತು. ನ್ಯೂಜಿಲೆಂಡ್ 2002ರಲ್ಲಿ ತಾನು ತಾತ್ಕಾಲಿಕವಾಗಿ ರೋಗಮುಕ್ತ ಎಂದು ಘೋಷಿಸಿತು. ಎರಡೂ ದೇಶಗಳು ರೋಗಕ್ಕೆ ತಡೆಹಾಕಿದ್ದು ನಾಯಿಯ ಬಟ್ಟಲಿನ ಹತ್ತಿರ.

ಹೆರಿಗೆಯ ವಿಷಯಕ್ಕೆ ಬಂದರೆ, ಹಸುವಿನ ಗಡಿಯಾರ ಬೇರೆ, ಕುದುರೆಯ ಗಡಿಯಾರ ಬೇರೆ. ಹಸು ಕರು ಹಾಕುವಾಗ ನೀರ್ಚೀಲ ಕಂಡ ಮೇಲೆ ಒಂದು ಗಂಟೆ, ಚೊಚ್ಚಲಾದರೆ ಎರಡು ಗಂಟೆಯವರೆಗೆ ನೋಡಬಹುದು, ಹೆರಿಗೆ ಮುಂದುವರಿಯುತ್ತಿದ್ದರೆ ಮಾತ್ರ. ಎರಡು ಮುಂಗಾಲು, ಅವುಗಳ ಮೇಲೆ ಮೂಗು ಬಂದರೆ ಸರಿಯಾದ ದಾರಿ. ಕಾಲು ಬಂದು ಮೂಗು ಬಾರದಿದ್ದರೆ ಎಳೆಯಬಾರದು, ತಲೆ ಹಿಂದಕ್ಕೆ ಮಡಚಿಕೊಂಡಿರಬಹುದು. ಹಸುವಿಗೆ ಒಗ್ಗಿದ ಈ ತಾಳ್ಮೆಯನ್ನು ಕುದುರೆಯ ಮುಂದೆ ತೋರಿಸಿದರೆ ಮರಿ ಸತ್ತಂತೆಯೇ. ನೀರು ಒಡೆದ 20–30 ನಿಮಿಷದಲ್ಲಿ ಮರಿ ಹೊರಗಿರಬೇಕು. ಬೆಳ್ಳಗಿನ ಪೊರೆಯ ಬದಲು ಕೆಂಪು ಮಖಮಲ್ಲಿನಂಥದ್ದು ಮೊದಲು ಕಂಡರೆ ಕಸವೇ (ಮಾಸು) ಮುಂಚೆ ಬಿಡಿಸಿಕೊಂಡಿದೆ ಎಂದರ್ಥ. ಒಳಗೆ ಮರಿಗೆ ಉಸಿರಿಲ್ಲ, ಆ ಕ್ಷಣವೇ ಪೊರೆ ಕೊಯ್ದು ಮರಿಯನ್ನು ಎಳೆಯಬೇಕು. ವೈದ್ಯರಿಗೆ ಕಾಯುವಷ್ಟು ಹೊತ್ತಿಲ್ಲ.

ಕಸ ಬೀಳುವ ಲೆಕ್ಕವೂ ಹಾಗೇ. ಹಸುವಿಗೆ 12 ಗಂಟೆ ದಾಟಿದರೂ ಗಾಬರಿ ಬೇಡ, ಜ್ವರ ಇದೆಯೇ, ಮೇವು ತಿನ್ನುತ್ತಿದೆಯೇ ನೋಡಿಕೊಂಡು ವೈದ್ಯರಿಗೆ ತಿಳಿಸಿದರಾಯಿತು. ಕೈಹಾಕಿ ಕೀಳುವುದು, ಜೋತುಬಿದ್ದ ಕಸಕ್ಕೆ ಇಟ್ಟಿಗೆ ಕಟ್ಟುವುದು ಗರ್ಭಕೋಶಕ್ಕೆ ಗಾಯ ಮಾಡುವ ಕೆಲಸಗಳು. ಕುದುರೆಗೆ ಮೂರು ಗಂಟೆಯೇ ಗಡುವು. ಅದರಾಚೆ ಕಸ ಉಳಿದರೆ ನಂಜು ಮೈಗೇರಿ, ಗೊರಸಿನೊಳಗಿನ ಮೂಳೆ ಸಡಿಲಗೊಳ್ಳುವವರೆಗೂ ಹೋಗಬಹುದು. ಜೋತುಬಿದ್ದ ಭಾಗವನ್ನು ಕುದುರೆ ತುಳಿಯದಂತೆ ಮೇಲಕ್ಕೆ ಗಂಟು ಹಾಕಿ ವೈದ್ಯರನ್ನು ಕರೆಸಬೇಕು. ಹಸು ಮಾತ್ರ ನೋಡಿ ಕಲಿತವನು ಕುದುರೆಯನ್ನು ಬೆಳಗಿನವರೆಗೆ ಬಿಡುತ್ತಾನೆ. ಅವನನ್ನು ಬೈದು ಫಲವಿಲ್ಲ, ಅವನಿಗೆ ಹೇಳಿಕೊಟ್ಟದ್ದೇ ಅಷ್ಟು.

ಇನ್ನು ಪ್ರಾಣಿಯನ್ನು ಹಿಡಿಯುವ ಕೌಶಲ. ಕಾಗದದ ಪರೀಕ್ಷೆಯಲ್ಲಿ ಇದು ಸಿಗುವುದೇ ಇಲ್ಲ. ಕುರಿಗೆ ಔಷಧ ಕುಡಿಸುವುದನ್ನೇ ನೋಡಿ. ಕುರಿಯನ್ನು ಗೋಡೆಯ ಮೂಲೆಗೆ ಒತ್ತಿ ನಿಂತು ಎಡಗೈಯನ್ನು ದವಡೆಯ ಕೆಳಗೆ ಇಡಬೇಕು. ತಲೆ ನೆಲಕ್ಕೆ ಸಮನಾಗಿರಬೇಕು, ಮೂಗು ಕಣ್ಣಿಗಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದಲ್ಲಿ ಹಲ್ಲಿಲ್ಲದ ಸಂದಿ ಇದೆ, ಗೊಟ್ಟವಿರಲಿ ಸಿರಿಂಜಿನ ಕೊಳವೆಯಿರಲಿ, ಅಲ್ಲಿಂದ ಒಳಗೆ ಹೋಗಿ ನಾಲಿಗೆಯ ಮೇಲೆ ನಿಧಾನ ಬಿಡಬೇಕು. ಗಂಟಲಲ್ಲಿ ನುಂಗಿದ ಅಲೆ ಕಾಣಬೇಕು, ಆಮೇಲೆ ಮತ್ತಷ್ಟು. ಕೆಮ್ಮಿದರೆ ತಕ್ಷಣ ತಲೆ ಬಿಟ್ಟುಬಿಡಿ. ತಲೆಯನ್ನು ಆಕಾಶಕ್ಕೆತ್ತಿ ಒಂದೇ ಗುಟುಕಿಗೆ ಸುರಿಯುವವನ ಕೈಯಲ್ಲಿ ಔಷಧ ಶ್ವಾಸಕೋಶಕ್ಕೆ ಇಳಿದು ಕುರಿ ನ್ಯುಮೋನಿಯಾದಿಂದ ಸಾಯುತ್ತದೆ. ವರದಿಯಲ್ಲಿ ‘ಜಂತು ಔಷಧ ಕೊಡಲಾಗಿದೆ’ ಎಂದೇ ಇರುತ್ತದೆ. ಹಿಂಡಿನ ಸರಾಸರಿ ತೂಕಕ್ಕೆ ಅಳತೆ ಹಾಕುವುದು ಇನ್ನೊಂದು ತಪ್ಪು. ದೊಡ್ಡ ಕುರಿಗಳಿಗೆ ಕಡಿಮೆ ಬೀಳುತ್ತದೆ, ಉಳಿದುಕೊಂಡ ಜಂತುಗಳಿಗೆ ಔಷಧ ನಾಟದಂತಾಗುತ್ತದೆ. ಒಂದೇ ವಯಸ್ಸಿನ ಗುಂಪು ಮಾಡಿ, ಅದರಲ್ಲಿ ಅತಿ ಭಾರದ್ದರ ತೂಕಕ್ಕೆ ಅಳೆಯಬೇಕು.

ದನವನ್ನು ಅಟ್ಟುವುದಕ್ಕೂ ಲೆಕ್ಕವಿದೆ. ಭುಜದ ಹಿಂದೆ ನಿಂತು ಹತ್ತಿರ ಹೋದರೆ ಮುಂದಕ್ಕೆ ನಡೆಯುತ್ತದೆ, ಭುಜದ ಮುಂದೆ ನಿಂತರೆ ಹಿಮ್ಮೆಟ್ಟುತ್ತದೆ. ಹಸು ನಿಂತಲ್ಲೇ ನಿಂತರೆ ಕೋಲು ಎತ್ತುವ ಮುಂಚೆ ಅದರ ಕಣ್ಣಿನ ಎತ್ತರಕ್ಕೆ ಬಗ್ಗಿ ನೋಡಬೇಕು. ಎದುರಿಗೆ ನೆರಳಿನ ಗೆರೆಯೋ, ಮಿನುಗುವ ನೀರೋ, ತೂಗಾಡುವ ಸರಪಳಿಯೋ ಇರುತ್ತದೆ, ಅದನ್ನು ತೆಗೆದರೆ ತಾನೇ ನಡೆಯುತ್ತದೆ. ಈ ಸಂಗತಿಗಳನ್ನು ಅಮೆರಿಕದ ಟೆಂಪಲ್ ಗ್ರ್ಯಾಂಡಿನ್ ದಶಕಗಳಿಂದ ಬರೆಯುತ್ತಾ, ಓಣಿಗಳ ವಿನ್ಯಾಸಕ್ಕೇ ಅಳವಡಿಸಿದ್ದಾರೆ. ಹೆದರಿದ ದನ ತಣ್ಣಗಾಗಲು 20–30 ನಿಮಿಷ ಬೇಕು. ಹೊಡೆದು ಎಳೆದುತಂದ ಹಸುವಿನ ಕೆಚ್ಚಲಿಗೆ ಹಾಲು ಇಳಿಯುವುದಿಲ್ಲ, ಹೆದರಿಕೆಯ ರಸ ಹಾಲಿಳಿಸುವ ರಸವನ್ನು ತಡೆಯುತ್ತದೆ. ಲಸಿಕೆಗೆಂದು ಕಟ್ಟುವ ಓಣಿ ದೊಡ್ಡ ದನಕ್ಕೆ ಸುಮಾರು 70–75 ಸೆಂ.ಮೀ. ಅಗಲ ಸಾಕು. ಹೆಚ್ಚಾದರೆ ದನ ಒಳಗೇ ತಿರುಗಿ ಸಿಕ್ಕಿಬೀಳುತ್ತದೆ. ನೆಲ ನುಣುಪಾಗಿರಬಾರದು. ಕರು ಹಾಕಿದ ಹಸುಗಳ ನಡುವೆ ನಾಯಿ ಕರೆದುಕೊಂಡು ಹೋಗಬಾರದು. ಹಸು ನಾಯಿಯನ್ನು ಅಟ್ಟುತ್ತದೆ, ನಾಯಿ ಓಡಿಬಂದು ಒಡೆಯನ ಕಾಲ ಹಿಂದೆ ಅಡಗುತ್ತದೆ. ಮುಂದೇನಾಗುತ್ತದೆ ಎಂದು ಹೇಳಬೇಕಾಗಿಲ್ಲ.

ಕುದುರೆಯ ಹಿಂದೆ ಹಾಯುವಾಗ ಒಂದೋ ಮೈಗೆ ಕೈ ತಾಗಿಸಿಕೊಂಡು ಅಂಟಿ ಹೋಗಬೇಕು, ಇಲ್ಲವೇ ಮೂರು ಮೀಟರ್ ದೂರ. ನಡುವಿನ ಜಾಗದಲ್ಲೇ ಒದೆತಕ್ಕೆ ಪೂರ್ತಿ ಬಲ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ಕುದುರೆ ಬೆಚ್ಚಿ ಓಡಿದರೆ ಬೆರಳು ಕಿತ್ತುಬರುತ್ತದೆ.

ಒದೆತಕ್ಕಿಂತ ಸದ್ದಿಲ್ಲದ ಅಪಾಯ ಹಸುವಿನ ಬಾಯಿಗೆ ಕೈಹಾಕುವುದು. ಹಸು ಜೊಲ್ಲು ಸುರಿಸುತ್ತಾ, ನುಂಗಲಾಗದೆ, ಒಡೆದ ದನಿಯಲ್ಲಿ ಕೂಗುತ್ತಿದ್ದರೆ ಗಂಟಲಲ್ಲಿ ಏನೋ ಸಿಕ್ಕಿದೆ ಎಂದು ಮೊಣಕೈವರೆಗೆ ಕೈಹಾಕಿ ನೋಡುವುದು ರೂಢಿ. ಅದು ಹುಚ್ಚುನಾಯಿ ರೋಗವಾಗಿದ್ದರೆ ತರಚು ಗಾಯವೊಂದು ಸಾಕು. ಅನುಮಾನ ಬಂದರೆ ಕೈಹಾಕಬಾರದು. ಆಗಲೇ ಹಾಕಿದ್ದರೆ 15 ನಿಮಿಷ ಸೋಪಿನ ನೀರಲ್ಲಿ ತೊಳೆದು ನೇರ ಆಸ್ಪತ್ರೆಗೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2018ರ ನಿಲುವಿನಂತೆ ಮುಂಜಾಗ್ರತಾ ಲಸಿಕೆ ಎರಡೇ ಡೋಸ್: ಮೊದಲ ದಿನ ಒಂದು, ಏಳು ದಿನ ಬಿಟ್ಟು ಇನ್ನೊಂದು. ಈ ಎರಡು ಚುಚ್ಚು, ಜೊತೆಗೆ ಧನುರ್ವಾಯು ಲಸಿಕೆ, ಕಸ ಮುಟ್ಟುವಾಗ ಕಂದುರೋಗ (ಬ್ರುಸೆಲ್ಲೋಸಿಸ್) ಅಂಟದಂತೆ ಉದ್ದ ಕೈಗವಸು: ಕೊಟ್ಟಿಗೆಯ ಪ್ರತಿ ಕೆಲಸಗಾರನಿಗೂ ಇವು ತಮ್ಮ ಇಲಾಖೆಯಿಂದಲೇ ಸಿಗಬೇಕು. ಪ್ರಾಣಿಗಳ ಜೊತೆಗಿನ ದುಡಿಮೆ ಸುರಕ್ಷತಾ ನಿಯಮಗಳಿಗೆ ಒಳಪಡಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2001ರ 184ನೇ ಒಡಂಬಡಿಕೆಯೂ ಹೇಳುತ್ತದೆ.

ಕೂಲಿಯವರಿಗೆ ಇಷ್ಟೆಲ್ಲ ಕಲಿಸಿದರೆ ಅವರೇ ವೈದ್ಯರಾಗಿಬಿಡುತ್ತಾರೆ ಎಂಬ ಆಕ್ಷೇಪ ತಮ್ಮ ಮುಂದೆ ಬಂದೇ ಬರುತ್ತದೆ. ಅದು ಪೂರ್ತಿ ಹುಸಿ ಭಯವಲ್ಲ, ಆಂಟಿಬಯಾಟಿಕ್ ಸೂಜಿಯನ್ನು ಯಾರ ಕೈಗೂ ಕೊಡಿ ಎಂದು ನಾವೂ ಕೇಳುತ್ತಿಲ್ಲ. ಆದರೆ 2011ರಲ್ಲಿ ಜಗತ್ತಿನಿಂದಲೇ ತೊಲಗಿದ ದನಗಳ ದೊಡ್ಡರೋಗದ (ರಿಂಡರ್‌ಪೆಸ್ಟ್) ಚರಿತ್ರೆ ತರಿಸಿ ಓದಿ. ಬಿಸಿಲು ತಾಳುವ ಲಸಿಕೆ ಸಿದ್ಧವಾದ ಮೇಲೆ, ಇಥಿಯೋಪಿಯಾದ ಅಫಾರ್‌ನಂಥ ದುರ್ಗಮ ಸೀಮೆಗಳಲ್ಲಿ ಅದನ್ನು ದನಗಳಿಗೆ ಚುಚ್ಚಿದ್ದು ಅಲ್ಪಕಾಲದ ತರಬೇತಿ ಪಡೆದ ದನಗಾಹಿಗಳೇ. ವೈದ್ಯರು ಮೇಲುಸ್ತುವಾರಿ ನೋಡಿಕೊಂಡರು.

ಆದ್ದರಿಂದ ತರಬೇತಿಯ ಕೊನೆಯಲ್ಲಿ ಲಿಖಿತ ಪರೀಕ್ಷೆಯ ಬದಲು ಒಂದು ಬೆಳಗಿನ ಕೆಲಸ ಕೊಡಿ. ಅಭ್ಯರ್ಥಿ ಬಿಟ್ಟ ಹಸುವನ್ನು ಕೋಲಿಲ್ಲದೆ ಓಣಿಗೆ ತರಲಿ. ಕುರಿಗೆ ಕೆಮ್ಮಿಸದೆ ಔಷಧ ಕುಡಿಸಲಿ. ಕುದುರೆಯ ದವಡೆಯಂಚಿನಲ್ಲಿ ನಾಡಿ ಹಿಡಿದು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಲಿ. ನಿಮಿಷಕ್ಕೆ 28ರಿಂದ 44 ಬಂದರೆ ನೆಮ್ಮದಿ, ಹೊಟ್ಟೆನೋವಿನ ಕುದುರೆಯಲ್ಲಿ 60 ದಾಟಿದರೆ ವೈದ್ಯರಿಗೆ ಫೋನ್ ಎಂದು ಅವನ ಬಾಯಿಂದಲೇ ಬರಲಿ. ನಾಯಿಯನ್ನು ತೂಗಿ ಮಾತ್ರೆಯ ಲೆಕ್ಕ ಹೇಳಲಿ. ಕೊನೆಗೆ ಐದು ಔಷಧ ಸೀಸೆ ಮುಂದಿಟ್ಟು ‘ಇದನ್ನು ಯಾವ ಪ್ರಾಣಿಗೆ ಕೊಡಬಾರದು’ ಎಂದು ಕೇಳಿ. ಪಾಸಾದವರನ್ನು ವೇತನ ಪಟ್ಟಿಯಲ್ಲಿ ಕುಶಲ ಕೆಲಸಗಾರರ ಸಾಲಿಗೆ ಸೇರಿಸಿ.

ಆ ಸೀಸೆಗಳ ಮೇಲೆ ಕೊಡಬಾರದ ಪ್ರಾಣಿಯ ಚಿತ್ರವನ್ನು ಹೆಬ್ಬೆರಳ ಗಾತ್ರದಲ್ಲಿ ಬರೆದು, ಅಡ್ಡ ಗೀಟು ಎಳೆದು ಅಚ್ಚು ಹಾಕಿಸಲು ಸಂಬಂಧಪಟ್ಟವರಿಗೆ ತಾವು ಬರೆಯಬೇಕು. ಈಗ ಆ ಮಾತಿರುವುದು ಮಡಚಿದ ಚೀಟಿಯೊಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ. ಸೀಸೆ ತೆರೆದ ದಿನವೇ ಆ ಚೀಟಿ ಕೊಟ್ಟಿಗೆಯ ಕೆಸರು ಸೇರಿರುತ್ತದೆ.

ಇಂತಿ ತಮ್ಮ ವಿಶ್ವಾಸಿಗಳು,
ದನ, ಕುರಿ, ಕುದುರೆ, ನಾಯಿಗಳ ಜೊತೆ ದುಡಿಯುವವರು