ಬಿಳಿ ರಕ್ತಕಣಗಳು ನಾಶವಾಗುವುದಿಲ್ಲ, ಗುಂಪುಗಟ್ಟುತ್ತವೆ

ಮಾನ್ಯ ಸಂಪಾದಕರೇ,

ತಮ್ಮ ಆರೋಗ್ಯ ಪುರವಣಿಯ ಡಯಾಲಿಸಿಸ್ ಲೇಖನ ಒಟ್ಟಿನಲ್ಲಿ ಉಪಯುಕ್ತವಾಗಿದೆ. ಆದರೆ ಚಿಕಿತ್ಸೆ ಆರಂಭವಾದ ಕೆಲವೇ ನಿಮಿಷಗಳಲ್ಲಿ ಬಿಳಿ ರಕ್ತಕಣಗಳ ಎಣಿಕೆ ಕುಸಿಯುವುದಕ್ಕೆ, ಅವು ಯಂತ್ರದಲ್ಲಿ ಸಿಲುಕಿ ನಾಶವಾಗುವುದೇ ಕಾರಣವೆಂದು ಅದರಲ್ಲಿ ಹೇಳಿರುವುದು ಸರಿಯಲ್ಲ.

ಈ ಒಗಟನ್ನು ಬಿಡಿಸಿದವರು ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದ ಫಿಲಿಪ್ ಕ್ರಾಡಾಕ್, ಹ್ಯಾರಿ ಜೇಕಬ್ ಮತ್ತು ಸಂಗಡಿಗರು. ಅಂದು ಡಯಾಲಿಸಿಸ್ ಯಂತ್ರದಲ್ಲಿ ರಕ್ತ ಸೋಸಲು ಬಳಕೆಯಲ್ಲಿದ್ದ ಸೆಲೋಫೇನ್ ಪೊರೆಗೆ ತಾಗಿದ ಪ್ಲಾಸ್ಮಾದಲ್ಲಿ (ರಕ್ತದ ದ್ರವಭಾಗದಲ್ಲಿ), ರೋಗಾಣುಗಳ ವಿರುದ್ಧ ಹೋರಾಡುವ ಕಾಂಪ್ಲಿಮೆಂಟ್ ಎಂಬ ಪ್ರೋಟೀನುಗಳು ಕೆರಳಿ, ಸಿ5ಎ ಎಂಬ ತುಣುಕು ಹೊರಬೀಳುತ್ತದೆ, ಅದರ ಸುಳಿವು ಸಿಕ್ಕೊಡನೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಒಂದಕ್ಕೊಂದು ಅಂಟಿಕೊಂಡು ಶ್ವಾಸಕೋಶದ ಲೋಮನಾಳಗಳಲ್ಲಿ ತಂಗುತ್ತವೆ ಎಂದು ಅವರು 1977ರಲ್ಲಿ ತೋರಿಸಿದರು. ಪೊರೆಗೆ ತಾಗಿಸಿದ ಪ್ಲಾಸ್ಮಾವನ್ನಷ್ಟೇ ಪ್ರಾಣಿಗಳಿಗೆ ಕೊಟ್ಟಾಗಲೂ ಹಾಗೆಯೇ ಆಯಿತು. ಅಲ್ಲಿ ಕಣಗಳನ್ನು ಸಿಲುಕಿಸಲು ಯಂತ್ರವೇ ಇರಲಿಲ್ಲ. ಕುಸಿದ ಎಣಿಕೆಯೂ ಡಯಾಲಿಸಿಸ್ ಮುಗಿಯುವ ಮೊದಲೇ ಮತ್ತೆ ಏರುತ್ತದೆ.

ಪ್ರಯೋಗಾಲಯದಲ್ಲಿ ನಾನು ಕಣಗಳು ಹೀಗೆ ಗುಂಪುಗಟ್ಟುವುದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ಬೇರ್ಪಡಿಸಿದ ನ್ಯೂಟ್ರೋಫಿಲ್‌ಗಳ ಮಬ್ಬು ದ್ರವವನ್ನು ಪುಟ್ಟ ಗಾಜಿನ ನಳಿಗೆಯಲ್ಲಿ 37 ಡಿಗ್ರಿ ಶಾಖದಲ್ಲಿ ಕಲಕುತ್ತಾ, ಅದರ ಮೂಲಕ ಬೆಳಕು ಹಾಯಿಸುತ್ತೇವೆ. ಬ್ಯಾಕ್ಟೀರಿಯಾಗಳ ಪ್ರೋಟೀನಿನ ತುದಿಯನ್ನು ಹೋಲುವ ಫಾರ್ಮಿಲ್ ಪೆಪ್ಟೈಡನ್ನು ಒಂದಿಷ್ಟು ಸೇರಿಸಿದರೆ ಸಾಕು, ಕಣಗಳು ಗುಂಪುಗೂಡಿ ದ್ರವ ತಿಳಿಯಾಗುತ್ತದೆ, ಹಾಯ್ದ ಬೆಳಕನ್ನು ಕಾಗದದ ಮೇಲೆ ಗುರುತಿಸುವ ಪೆನ್ನು ಸರ್ರನೆ ಮೇಲೇರುತ್ತದೆ. ಸ್ವಲ್ಪ ಹೊತ್ತಿನಲ್ಲೇ ಗುಂಪು ಚದುರಿ ಪೆನ್ನು ಕೆಳಗಿಳಿಯುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ ದ್ರವದಲ್ಲಿ ಪೆನ್ನು ಕದಲುವುದೇ ಇಲ್ಲ. (ವಿದ್ಯಾರ್ಥಿಗಳು ಇವನ್ನು ಸೇರಿಸಲು ಮರೆತು, ರಕ್ತ ಕೊಟ್ಟವರನ್ನು ದೂರುವುದು ವಾಡಿಕೆ.)

ಒಮ್ಮೆ ಸಂಕೇತ ತಲುಪಿದ ಕಣ ಸುಮ್ಮನಿರುವುದಿಲ್ಲ. ತಾನೇ ಲ್ಯೂಕೋಟ್ರೈಯೀನ್ ಬಿ4 ಎಂಬ ಕೊಬ್ಬಿನಂಶದ ಸಂಯುಕ್ತವನ್ನು ತಯಾರಿಸಿ ಹೊರಬಿಟ್ಟು ಉಳಿದವನ್ನೂ ಕರೆಯುತ್ತದೆ. ಅಂಟಿಕೊಳ್ಳಲು ಬೇಕಾದ ಸಿಡಿ18 ಪ್ರೋಟೀನು ಹುಟ್ಟಿನಿಂದಲೇ ಇಲ್ಲದ ಮಕ್ಕಳು ಅಪರೂಪಕ್ಕೆ ಇರುತ್ತಾರೆ. ಅವರ ಹೊಕ್ಕುಳಬಳ್ಳಿ ತಡವಾಗಿ ಬೀಳುತ್ತದೆ. ರಕ್ತದಲ್ಲಿ ಬಿಳಿ ಕಣಗಳು ತುಂಬಿ ತುಳುಕುತ್ತಿದ್ದರೂ ಗಾಯದಲ್ಲಿ ಕೀವು ಕಟ್ಟುವುದಿಲ್ಲ. ಅಂಟುವ ಗುಣವೇ ಕೇಡೆಂದು ತಿಳಿಯುವವರು ಈ ಮಕ್ಕಳ ಪಾಡನ್ನೊಮ್ಮೆ ನೋಡಬೇಕು.

ಇಂದು ಹೆಚ್ಚಾಗಿ ಬಳಸುವ ಪಾಲಿಸಲ್ಫೋನ್‌ನಂಥ ಕೃತಕ ಪೊರೆಗಳು ಕಾಂಪ್ಲಿಮೆಂಟನ್ನು ಕೆರಳಿಸುವುದು ಬಹಳ ಕಡಿಮೆ ಎಂಬ ಮಾತೂ ಲೇಖನದಲ್ಲಿಲ್ಲ. ವಾರಕ್ಕೆ ಎರಡು ಬಾರಿ ಡಯಾಲಿಸಿಸ್‌ಗೆ ಹೋಗುವ ನಮ್ಮ ನೆರೆಮನೆಯವರು ಆ ಪುಟವನ್ನು ಹಿಡಿದು ಬಂದು, 'ಪ್ರತಿಸಲವೂ ನನ್ನ ಬಿಳಿ ಕಣಗಳೆಲ್ಲ ಸಾಯುತ್ತವೆಯೇ ಸಾರ್?' ಎಂದು ಕೇಳಿದ್ದರಿಂದಲೇ ಈ ಪತ್ರ ಬರೆಯಬೇಕಾಯಿತು. ಮುಂದಿನ ಪುರವಣಿಯಲ್ಲಿ ತಿದ್ದುಪಡಿ ಪ್ರಕಟಿಸಬೇಕಾಗಿ ವಿನಂತಿ.

– ನಿವೃತ್ತ ರೋಗವಿಜ್ಞಾನ ಪ್ರಾಧ್ಯಾಪಕ, ದಾವಣಗೆರೆ